ರಕ್ತ ತೆಗೆಯುವ ವಾರ

ಹೋದ ತಿಂಗಳು ಹೊಸೂರಿನಲ್ಲಿ ಬೇರಿಕೆ ಬಸ್ಸು ಹತ್ತಿ ಕೂತಾಗ ಕಾಲಿಗೆ ಒಂದು ಗೋಣಿಚೀಲ ತಗುಲಿತು. ಬೆಳಗಿನ ಮಾರುಕಟ್ಟೆಯಲ್ಲಿ ಬಿಕರಿಯಾಗದೆ ಉಳಿದ ಗುಲಾಬಿ. ಹೂವಿನವನು ಬಿಸಾಡಲು ಮನಸ್ಸು ಬಾರದೆ ಊರಿಗೆ ವಾಪಸ್ಸು ಹೊತ್ತುಕೊಂಡು ಹೊರಟಿದ್ದ. ಗುಲಾಬಿ ಅಂದರೆ ಅತ್ತರಿನ ಪರಿಮಳ ಅಂದುಕೊಂಡವರು ಗೋಣಿಯಲ್ಲಿ ಬೆವೆತ ಗುಲಾಬಿಯನ್ನು ಒಮ್ಮೆ ಮೂಸಬೇಕು. ಹಸಿ ಎಲೆ, ಒದ್ದೆ ಸೆಣಬು, ಅದರ ಮೇಲೆ ಒಂಚೂರು ಡೀಸೆಲ್. ಆ ವಾಸನೆ ಮೂಗಿಗೆ ಬಂದದ್ದೇ ತಡ, ತೊಡೆಯ ಮೇಲೆ ಐಸ್ ಪೆಟ್ಟಿಗೆ ಇಲ್ಲವಲ್ಲ ಎಂದು ನನ್ನ ಕೈ ತಡಕಾಡಿತು. ಒಂದು ವರ್ಷ ಪೂರ್ತಿ ಇದೇ ಬಸ್ಸಿನಲ್ಲಿ ರಕ್ತ ಹೊತ್ತು ತಿರುಗಿದವಳು ನಾನು. ಬಾಗಲೂರಿನಿಂದ ಬೇರಿಕೆಯವರೆಗೆ ನನಗಿದ್ದ ಹೆಸರು ‘ರಕ್ತದ ಮೇಡಂ’.

ಆ ಹೆಸರು ನಾನು ಬೇಡಿ ಪಡೆದದ್ದಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಂಕಿಗಳ ಜೊತೆ ಕಾಲ ಕಳೆಯುವ ಕೆಲಸ ಅಂತ ಸೇರಿದ್ದೆ. ಮನುಷ್ಯರ ಸಹವಾಸ ಅಷ್ಟಕ್ಕಷ್ಟೇ ನನಗೆ. ಲೂಪಸ್ ಕಾಯಿಲೆಯವರ ರಕ್ತವನ್ನು ತಿಂಗಳಿಗೊಮ್ಮೆ ತೆಗೆದು ಅದರಲ್ಲಿ ನಡೆಯುವುದನ್ನೆಲ್ಲ ಒಟ್ಟಿಗೆ ಅಳೆಯುವ ಅಧ್ಯಯನ ಶುರುವಾದಾಗ ನಮ್ಮ ದೊಡ್ಡ ಮೇಡಂ ನನ್ನ ಕಡೆ ತಿರುಗಿ, “ನೀನು ಹೊಸೂರಿನವಳಲ್ವಾ? ಕನ್ನಡ, ತಮಿಳು, ತೆಲುಗು ಮೂರೂ ಬರತ್ತೆ ತಾನೆ?” ಅಂದರು. ಹೌದು ಅಂದೆ. ಆ ಒಂದು ‘ಹೌದು’ ನನ್ನನ್ನು ಏಸಿಯಿಂದ ಎಬ್ಬಿಸಿ ಬಿಸಿಲಿಗೆ ತಂದು ನಿಲ್ಲಿಸಿತು. ಸೂಜಿ ಹಿಡಿಯುವ ತರಬೇತಿ ಕೊಟ್ಟು, ಐಸ್ ಪೆಟ್ಟಿಗೆ ಹೊರಿಸಿ, ಹೊಸೂರಿನ ನಮ್ಮಪ್ಪನ ಮನೆಗೇ ಸಾಗಹಾಕಿದರು. ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿ, “ಪಿಎಚ್‌ಡಿ ಮಾಡಿದ್ದು ಐಸ್‌ಕ್ರೀಂ ಮಾರೋಕಾ?” ಅಂದಿದ್ದರು.

ಲೂಪಸ್ ಎಂದರೇನು ಎಂದು ನನಗೆ ಓದಿ ಗೊತ್ತಿತ್ತು. ದೇಹವನ್ನು ಕಾಯಬೇಕಾದ ಜೀವಕೋಶಗಳು ದೇಹದ ಮೇಲೆಯೇ ತಿರುಗಿ ಬೀಳುವುದು. ಕೀಲು, ಚರ್ಮ, ಕಿಡ್ನಿ, ಎಲ್ಲಿ ಬೇಕಾದರೂ ಹೊಡೆತ ಬೀಳಬಹುದು. ಇದಕ್ಕೆ ಯಾವುದೋ ಒಂದು ಜೀನನ್ನೋ ಒಂದು ಕಣವನ್ನೋ ಹಿಡಿದು ತಂದು ಇವನೇ ಅಪರಾಧಿ ಅನ್ನುವಂತಿಲ್ಲ. ಬೀದಿ ನಲ್ಲಿಯ ಹತ್ತಿರದ ಜಗಳವನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮೊದಲು ಕೊಡ ತಳ್ಳಿದವಳು ಒಬ್ಬಳು, ಕೂಗಿದವಳು ಇನ್ನೊಬ್ಬಳು, ಹಳೆಯ ದ್ವೇಷ ತೀರಿಸಿಕೊಳ್ಳಲು ನಡುವೆ ನುಗ್ಗಿದವಳು ಮತ್ತೊಬ್ಬಳು. ಯಾರೊಬ್ಬರನ್ನು ಮನೆಗೆ ಕಳಿಸಿದರೂ ಜಗಳ ನಿಲ್ಲುವುದಿಲ್ಲ. ಯಾರ ಕೂಗಿಗೆ ಯಾರು ಎದ್ದು ಬರುತ್ತಾರೆ ಅನ್ನುವುದನ್ನು ಪೂರ್ತಿ ತಿಳಿದರೆ ಮಾತ್ರ ಎಲ್ಲಿ ತಡೆಯಬೇಕು ಎಂದು ಹೊಳೆಯುತ್ತದೆ. ಸಿಸ್ಟಮ್ಸ್ ಬಯಾಲಜಿ ಮಾಡುವುದು ಇದನ್ನೇ. ಸಾವಿರಾರು ಜೀನುಗಳು, ಪ್ರೋಟೀನುಗಳು, ಜೊತೆಗೆ ರೋಗಿಯ ನಿದ್ದೆ, ಊಟ, ಬಿಸಿಲು, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಇವುಗಳ ನೆಂಟಸ್ತನ ಹುಡುಕುವುದು.

ಇದನ್ನೆಲ್ಲ ನಾನು ಕೈ ಕಾಲು ಬಳಸಿ ವಿವರಿಸಿ ಮುಗಿಸುವವರೆಗೆ ತಾಳ್ಮೆಯಿಂದ ಕೇಳಿಸಿಕೊಂಡು, ಒಂದೇ ಮಾತಿನಲ್ಲಿ ಮುಗಿಸಿದವಳು ನಾಗವೇಣಿ. “ಬೇಲೀನೇ ಎದ್ದು ಹೊಲ ಮೇಯ್ದಂಗೆ ಅನ್ನಿ ಮೇಡಂ,” ಅಂದಳು. ನನ್ನ ಅರ್ಧ ಗಂಟೆಯ ಭಾಷಣ ವ್ಯರ್ಥವಾಯಿತು. ಮುಂದೆ ಬೇರೆ ಮನೆಗಳಲ್ಲಿ ನಾನೂ ಬೇಲಿಯನ್ನೇ ಬಳಸಿದೆ.

ನಾಗವೇಣಿಯ ಊರು ಬೇರಿಕೆಯಿಂದ ಆಚೆಗೆ, ಕರ್ನಾಟಕದ ಗಡಿಯ ಕಡೆಗೆ. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳ ಪಕ್ಕದ ಶೆಡ್ಡಿನಲ್ಲಿ ಹೂವನ್ನು ಉದ್ದ ನೋಡಿ ವಿಂಗಡಿಸಿ ಕಟ್ಟುವ ಕೆಲಸ. ಗಂಡ ಮುನಿರಾಜು ಹೊಸೂರಿನಲ್ಲಿ ಲಾರಿ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ಮುನಿವೆಂಕಟಮ್ಮ. ಕಲ್ಲಿನಂಥ ಮೈಕಟ್ಟು, ಹುರುಳಿಕಾಳಿನಂಥ ಚುರುಕು ಕಣ್ಣು. ಮದುವೆಯಾದ ಎರಡನೇ ವರ್ಷ ನಾಗವೇಣಿಗೆ ಕೆನ್ನೆಯ ಮೇಲೆ ಕೆಂಪು ಕಾಣಿಸಿತು, ಬೆರಳಿನ ಗೆಣ್ಣು ಊದಿತು. ಅದೇ ವರ್ಷ ಹೊಟ್ಟೆಯಲ್ಲಿದ್ದ ಐದು ತಿಂಗಳ ಮಗು ಹೋಯಿತು. ಕಾಯಿಲೆಗೆ ಹೆಸರು ಸಿಕ್ಕಿದ್ದು ಆಮೇಲೆ.

ಅವಳ ಬೇಡಿಕೆ ಒಂದೇ. ಮಗು ಬೇಕು. ಹೊಸೂರಿನ ಡಾಕ್ಟರಮ್ಮನ ಷರತ್ತೂ ಒಂದೇ. ರೋಗ ಆರು ತಿಂಗಳು ಒಂದೇ ಸಮ ಮಲಗಿರಬೇಕು, ರಕ್ತದಲ್ಲೂ ಮಲಗಿರಬೇಕು. ಎದ್ದ ರೋಗದ ಮೇಲೆ ಬಸಿರಾದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ಡಾಕ್ಟರಮ್ಮ ಧರ್ಮಪುರಿ ಕಡೆಯವರು, ತಮಿಳಿನಲ್ಲಿ “ಪೊರುಮೈ, ಪೊರುಮೈ” ಅನ್ನುತ್ತಿದ್ದರು. ತಾಳ್ಮೆ, ತಾಳ್ಮೆ. ನಾಗವೇಣಿ ಹೊರಗೆ ಬಂದು ನನ್ನ ಹತ್ತಿರ, “ಪೊರುಮೈ ಅಂತೆ. ಅಂಗಡೀಲಿ ಸಿಗೋದಾದ್ರೆ ಇಷ್ಟೊತ್ಗೆ ತಂದಿರ್ತಿದ್ದೆ,” ಅನ್ನುತ್ತಿದ್ದಳು.

ಅನುಕೂಲಕ್ಕೆಂದು ಡಾಕ್ಟರಮ್ಮನಿಗೆ ಬೇಕಾದ ರಕ್ತವನ್ನೂ ನಮ್ಮ ಅಧ್ಯಯನದ ರಕ್ತವನ್ನೂ ಒಂದೇ ದಿನ ತೆಗೆಯುವುದು ಅಂತ ಗೊತ್ತುಮಾಡಿದ್ದೆವು. ಒಂದೇ ಚುಚ್ಚು, ಒಂದು ಟ್ಯೂಬು ಹೊಸೂರಿಗೆ, ಉಳಿದವು ಬೆಂಗಳೂರಿಗೆ. ವಾರದ ಮುಂಚೆ ನಾನು ಮುನಿರಾಜುವಿನ ಫೋನಿಗೆ ಮೆಸೇಜು ಕಳಿಸುತ್ತಿದ್ದೆ: ಬರುವ ಮಂಗಳವಾರ ಬೆಳಿಗ್ಗೆ ಬರುತ್ತೇನೆ. ಅವನು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ. ಮಂಗಳವಾರ ಹೋದರೆ ಅಂಗಳಕ್ಕೆ ನೀರು ಹಾಕಿ ಕುರ್ಚಿ ಹಾಕಿಟ್ಟಿರುತ್ತಿದ್ದರು. ನಾನು ಪ್ರಶ್ನೆ ಕೇಳಿ ಟ್ಯಾಬಿನಲ್ಲಿ ಒತ್ತುತ್ತಿದ್ದೆ. ನಿದ್ದೆ ಹೇಗಿದೆ, ಬಿಸಿಲಿಗೆ ಹೋಗಿದ್ದಿರಾ, ಜ್ವರ ಬಂದಿತ್ತಾ, ಡಾಕ್ಟರು ಕೊಟ್ಟಿದ್ದು ಬಿಟ್ಟು ಬೇರೆ ಏನಾದರೂ ಔಷಧಿ? ಕೊನೆಯ ಪ್ರಶ್ನೆಗೆ ಅತ್ತೆ ಸೊಸೆ ಒಟ್ಟಿಗೆ ತಲೆ ಅಲ್ಲಾಡಿಸುತ್ತಿದ್ದರು. ಇಲ್ಲ.

ಮಳೆಗಾಲ ಹಾಗೆ ಸಾಗಿತು. ಆ ವರ್ಷ ಮಳೆ ಹದವಾಗಿತ್ತು. ಹೊಲಗಳಲ್ಲಿ ಟೊಮೇಟೊ ಕಡ್ಡಿಗೆ ಕಟ್ಟುವ ದಾರದ ಉಂಡೆಗಳು ಉರುಳುತ್ತಿದ್ದವು. ರಾಗಿ ಪೈರು ಮೊಳಕಾಲಿಗೆ ಬಂದಿತ್ತು. ನನಗೆ ಬಸ್ಸಿನ ಕಿಟಕಿಯ ರುಚಿ ಹತ್ತಿತ್ತು. ನಾಗವೇಣಿಯೂ ನೋಡಲು ಚೆನ್ನಾಗಿದ್ದಳು. ಕೀಲು ನೋವಿಲ್ಲ, ಕೆನ್ನೆ ತಿಳಿಯಾಗಿತ್ತು, ಮೂತ್ರದ ಪರೀಕ್ಷೆ ಸರಿಯಾಗಿತ್ತು. ಆದರೆ ರಕ್ತ ಮಾತ್ರ ಕೇಳುತ್ತಿರಲಿಲ್ಲ. ಪ್ರತಿ ಸಲವೂ ಲಿವರಿನ ಅಂಕಿ ಸ್ವಲ್ಪ ಮೇಲೆ. ರೋಗ ಎದ್ದಾಗ ಇಳಿಯುವ ಪ್ರೋಟೀನುಗಳು ಸ್ವಲ್ಪ ಕೆಳಗೆ. ನಮ್ಮ ಲ್ಯಾಬಿನ ಪರದೆಯ ಮೇಲಂತೂ ಕಾವಲು ಕೋಶಗಳನ್ನು ಕೂಗಿ ಎಬ್ಬಿಸುವ ಇಂಟರ್‌ಫೆರಾನ್ ಎಂಬ ಕೂಗುಮಾರಿಯ ಬಳಗದ ಜೀನುಗಳೆಲ್ಲ ಎದ್ದು ಕೂತಿರುತ್ತಿದ್ದವು. ಡಾಕ್ಟರಮ್ಮ ಕಾಗದ ನೋಡಿ ನಿಟ್ಟುಸಿರು ಬಿಟ್ಟು, “ಮತ್ತೆ ಮೊದಲಿನಿಂದ ಎಣಿಸೋಣ,” ಅನ್ನುವರು. ಆರು ತಿಂಗಳು ಶುರುವೇ ಆಗುತ್ತಿರಲಿಲ್ಲ.

ಒಂದು ಸಲ ಡಾಕ್ಟರಮ್ಮನನ್ನು ಕಂಡು ಬಸ್ಸಿನಲ್ಲಿ ಜೊತೆಗೆ ಬರುವಾಗ ನಾಗವೇಣಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. “ಮೇಡಂ, ಮೈಗೆ ಚೆನ್ನಾಗೈತೆ ಅನ್ನಿಸ್ತದೆ. ರಕ್ತಕ್ಕೆ ಯಾಕೆ ಗೊತ್ತಾಗಲ್ಲ?” ಅಂಕಿ ಸುಳ್ಳು ಹೇಳುವುದಿಲ್ಲ ಎಂಬ ನನ್ನ ನಂಬಿಕೆಯ ಮೇಲೆ ನನಗೇ ಸಿಟ್ಟು ಬಂತು.

ದೀಪಾವಳಿ ಆದಮೇಲೆ ಒಂದು ಎಡವಟ್ಟಾಯಿತು. ನಾನು ಕಳಿಸಿದ ಟ್ಯೂಬುಗಳನ್ನು ಕೊರಿಯರಿನವರು ಬಿಸಿಲಿನಲ್ಲಿ ಇಟ್ಟು ಹಾಳುಮಾಡಿದರು. ಲ್ಯಾಬಿನಿಂದ ಫೋನು: ಮತ್ತೊಮ್ಮೆ ತೆಗೆದು ಕಳಿಸು. ಹೊಸ ಟ್ಯೂಬುಗಳು ಬಂದು ಸೇರುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಬಂದ ಬೆಳಿಗ್ಗೆಯೇ, ಯಾರಿಗೂ ಹೇಳದೆ, ಬಸ್ಸು ಹತ್ತಿ ನೇರ ಹೂವಿನ ಶೆಡ್ಡಿಗೆ ಹೋಗಿ, ಅವಳನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ರಕ್ತ ತೆಗೆದುಕೊಂಡು ಬಂದೆ.

ಮುಂದಿನ ವಾರ ಲ್ಯಾಬಿನಿಂದ ಕರೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಮೆತ್ತಗೆ, “ನೀವು ಬೇರೆ ಯಾರದ್ದೋ ಟ್ಯೂಬಿಗೆ ಇವರ ಚೀಟಿ ಅಂಟಿಸಿದ್ದೀರಾ ಅನ್ಸತ್ತೆ,” ಅಂದ. ಯಾಕೆ ಅಂದೆ. “ಇದು ತಣ್ಣಗಿದೆ. ಒಂದು ಜೀನೂ ಎದ್ದಿಲ್ಲ.” ನನಗೆ ಮೈಯೆಲ್ಲ ಉರಿಯಿತು. ಊರೂರು ಅಲೆದು ರಕ್ತ ತರುವುದಲ್ಲದೆ ಚೀಟಿ ಅಂಟಿಸಲು ಬಾರದವಳು ಅನ್ನಿಸಿಕೊಳ್ಳಬೇಕೆ? ನಾವು ಓದುವ ಆರ್‌ಎನ್‌ಎಯಲ್ಲೇ ಆಯಾ ಮನುಷ್ಯರ ಗುರುತಿನ ಅಕ್ಷರಗಳು ಇರುತ್ತವೆ. ಹಳೆಯ ಸ್ಯಾಂಪಲ್ಲುಗಳ ಜೊತೆ ಹೋಲಿಸಿ ನೋಡು ಅಂದೆ. ಸಂಜೆ ಅವನೇ ಫೋನು ಮಾಡಿ ಕ್ಷಮೆ ಕೇಳಿದ. ಅದು ನಾಗವೇಣಿಯದೇ ರಕ್ತ. ಅದೇ ದಿನ ತೆಗೆದು ಡಾಕ್ಟರಮ್ಮನಿಗೆ ಕೊಟ್ಟಿದ್ದ ಟ್ಯೂಬಿನ ಫಲಿತಾಂಶವೂ ತಣ್ಣಗಿತ್ತು.

ಹಾಗಾದರೆ ಈ ಹದಿನೈದು ದಿನದಲ್ಲಿ ಏನಾಯಿತು? ಮಾತ್ರೆ ಅದೇ, ಕೆಲಸ ಅದೇ, ಬಿಸಿಲು ಹೆಚ್ಚುಕಮ್ಮಿ ಅಷ್ಟೇ. ಊಟದ ಮೇಲೆ ಅಪ್ಪನ ಹತ್ತಿರ ಇದನ್ನೇ ಗೊಣಗುತ್ತಿದ್ದೆ. ಅಪ್ಪ ಮಜ್ಜಿಗೆ ಕುಡಿಯುತ್ತ, “ನೀನು ಹೇಳಿ ಹೋಗಿದ್ಯಾ, ಹೇಳದೆ ಹೋಗಿದ್ಯಾ?” ಎಂದು ಕೇಳಿದರು. ಹೇಳದೆ ಅಂದೆ. “ಇನ್‌ಸ್ಪೆಕ್ಟರು ಬರ್ತಾರೆ ಅಂತ ಗೊತ್ತಿದ್ದ ದಿನ ನಮ್ಮ ಸ್ಕೂಲೇ ಬೇರೆ ಆಗಿರ್ತಿತ್ತಮ್ಮ. ಗೋಡೆಗೆ ಸುಣ್ಣ, ಹುಡುಗರ ತಲೆಗೆ ಎಣ್ಣೆ, ಮಗ್ಗಿ ಎಲ್ಲಾ ಬಾಯಿಪಾಠ. ಅವರು ನೋಡಿದ್ದು ಒಂದು ದಿನವೂ ನಮ್ಮ ಸ್ಕೂಲಲ್ಲ.” ಇಷ್ಟು ಹೇಳಿ ಅವರು ಕೈ ತೊಳೆಯಲು ಎದ್ದುಹೋದರು. ಅವರಿಗೆ ಅದೊಂದು ಹಳೆಯ ದೂರು ಅಷ್ಟೆ. ನಾನು ತಟ್ಟೆ ಪಕ್ಕಕ್ಕೆ ಸರಿಸಿ, ಫೋನಿನಲ್ಲಿ ಹಳೆಯ ಮೆಸೇಜುಗಳ ತಾರೀಖು ನೋಡತೊಡಗಿದೆ.

ಮುಂದಿನ ತಿಂಗಳು ಎಂದಿನಂತೆ ಮೆಸೇಜು ಕಳಿಸಿದೆ: ಬರುವ ಮಂಗಳವಾರ. ಎಂದಿನಂತೆ ಹೆಬ್ಬೆರಳು ಬಂತು. ಆದರೆ ನಾನು ಹೋದದ್ದು ಭಾನುವಾರ.

ಮುನಿವೆಂಕಟಮ್ಮ ಹೊಂಗೆ ಮರದ ಕೆಳಗೆ ಒರಳಿನ ಮುಂದೆ ಕೂತು ಹಸಿರು ಕಾಂಡವೊಂದನ್ನು ಜಜ್ಜುತ್ತಿದ್ದರು. ನನ್ನನ್ನು ನೋಡಿ ಅವರಿಗೆ ಗಾಬರಿಯೇನೂ ಆಗಲಿಲ್ಲ, ಸಂತೋಷವೇ ಆಯಿತು. “ಬನ್ನಿ ಬನ್ನಿ, ಮಂಗ್ಳಾರ ಅಂದಿದ್ರಲ್ಲ?” ಅಂದರು.

“ಈ ಕಡೆ ಬಂದಿದ್ದೆ. ಅದೇನಮ್ಮ ಜಜ್ತಿರೋದು?”

“ಅಮೃತಬಳ್ಳಿ ಕಣಮ್ಮ. ನಿಮ್ ಮೆಸೇಜು ಬಂದ್ ದಿನದಿಂದ ಕಷಾಯ ಶುರು ಮಾಡ್ತೀನಿ. ನೀವು ಅಷ್ಟಷ್ಟು ರಕ್ತ ತಗಂಡೋಗ್ತೀರಿ, ಆ ಮಗೀಗೆ ಮುಂಚೇನೇ ತುಂಬ್ಸಿ ಇಕ್ಬೇಕಲ್ಲ? ರಕ್ತ ತೆಗೆಯೋ ವಾರ ಪೂರ್ತಿ ಬೆಳಿಗ್ಗೆ ಒಂದ್ ಲೋಟ, ಸಾಯಂಕಾಲ ಒಂದ್ ಲೋಟ. ನೀವ್ ನೋಡ್ದಾಗ ರಕ್ತ ಚೆನ್ನಾಗಿ ಕಾಣ್ಲಿ ಅಂತ.”

ನಾನು ಕುರ್ಚಿ ಇಲ್ಲದಿದ್ದರೂ ಕೂತುಬಿಟ್ಟೆ. ಒರಳಿನ ಪಕ್ಕದ ಕಲ್ಲಿನ ಮೇಲೆ.

ಕೊರೋನಾ ಕಾಲದಲ್ಲಿ ಈ ಬಳ್ಳಿಗೆ ಬಂದ ಮರ್ಯಾದೆ ನೆನಪಿರಬಹುದು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಮನೆಮನೆಯಲ್ಲಿ ಕುದಿಯಿತು. ಎಷ್ಟೋ ಜನರಿಗೆ ಒಗ್ಗಿರಲೂಬಹುದು. ಆದರೆ ನಾಗವೇಣಿಯ ತೊಂದರೆಯೇ ಆ ಶಕ್ತಿಯದು. ಮಲಗಿದ್ದ ಜಗಳಗಂಟರನ್ನು ತಿಂಗಳಿಗೊಂದು ವಾರ ಈ ಕಷಾಯ ನೀರೆರಚಿ ಎಬ್ಬಿಸುತ್ತಿತ್ತು, ಅವರು ಕೂಗಾಡುತ್ತಿರುವಾಗ ಸರಿಯಾಗಿ ನಾನು ಹೋಗಿ ಅಳತೆ ಮಾಡಿಕೊಂಡು ಬರುತ್ತಿದ್ದೆ. ಬರೀ ಬಳ್ಳಿಯ ತಪ್ಪೇ ಎಂದು ಒಬ್ಬಳ ರಕ್ತ ನೋಡಿ ಹೇಳಲಾಗದು. ಆದರೂ ನನ್ನ ಒಳಗೆ ಅಂಕಿಗಳೆಲ್ಲ ಸಾಲಾಗಿ ಬಂದು ಕೂತವು. ಆ ಜಗಳಗಂಟರನ್ನು ಎಬ್ಬಿಸುತ್ತಿದ್ದದ್ದು ನನ್ನ ಮೆಸೇಜೇ.

“ಪ್ರತಿ ಸಲ ಕೇಳ್ತಿದ್ದೆನಲ್ಲಮ್ಮ, ಬೇರೆ ಔಷಧಿ ಏನಾದ್ರೂ ಕೊಡ್ತೀರಾ ಅಂತ?”

“ಔಷಧಿ ಎಲ್ಲಿ ಕೊಟ್ಟೆ? ಇದು ಮನೇದು. ಬೆಲ್ಲ ಹಾಕಿ ಕೊಡ್ತೀನಿ,” ಅಂದರು ಅವರು, ಕೈ ನಿಲ್ಲಿಸದೆ.

ನನ್ನ ಮುಖ ನೋಡಿಯೇ, ಒಳಗಿನಿಂದ ಬಂದ ನಾಗವೇಣಿಗೆ ಅರ್ಥವಾಗಿರಬೇಕು. ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದಳು. ನಾನು ಇದ್ದದ್ದನ್ನು ಹೇಳಿದೆ. ಅವಳು ಹುಲ್ಲಿನ ಮೆದೆಗೆ ಒರಗಿ ಅಂದಳು. “ಅವ್ರಿಗೆ ಹೇಳ್ಬೇಡಿ ಮೇಡಂ. ನಾನು ಇಸ್ಕಂಡು ಗಿಡಕ್ಕೆ ಸುರಿದ್ಬುಡ್ತೀನಿ. ಹೋದ ಸಲ ಮಗು ಹೋದಾಗ ನನ್ಗಿಂತ ಜಾಸ್ತಿ ಅತ್ತವ್ರು ಅವ್ರು. ಈಗ ತಮ್ಮಿಂದ್ಲೇ ತಡ ಆಯ್ತು ಅಂತ ತಿಳಿದ್ರೆ ಆ ಜೀವ ತಡೆಯಾಕಿಲ್ಲ.”

ಅತ್ತೆ ಸೊಸೆ ಅಂದರೆ ಎಣ್ಣೆ ಸೀಗೆಕಾಯಿ ಎಂದು ಕೇಳಿಕೊಂಡೇ ಬೆಳೆದವಳು ನಾನು. ಅವಳು ಹೇಳಿದಂತೆ ಸುಮ್ಮನೆ ಇದ್ದುಬಿಡಲೇ ಅನ್ನಿಸಿತು.

ಮಾರನೇ ದಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಎಲ್ಲ ಕೇಳಿ ಕನ್ನಡಕ ತೆಗೆದು, ತಮಿಳಿನಲ್ಲೇ ನಿಧಾನವಾಗಿ ಹೇಳಿದರು. ಕದ್ದು ಎಷ್ಟು ದಿನ ಚೆಲ್ಲುತ್ತಾಳೆ? ನಾಳೆ ಬಸಿರಾದ ಮೇಲೆ ಪ್ರೀತಿ ಇನ್ನೂ ಹೆಚ್ಚುತ್ತದೆ, ಕಷಾಯವೂ ಹೆಚ್ಚುತ್ತದೆ. ಆಗ ಏನು ಮಾಡುತ್ತೀರಿ? ನಾನು ಹೇಳಿದರೆ ಅದು ಡಾಕ್ಟರ ಬೈಗುಳ ಆಗುತ್ತದೆ, ನೀವು ಹೇಳಿ. ಆ ಅತ್ತೆಯ ಕೈಯಿಂದ ಕಾಫಿ ಕುಡಿದವರು ನೀವು, ಅಂದರು.

ಮಂಗಳವಾರ ಮುನಿವೆಂಕಟಮ್ಮ ಮನೆಯ ಹಿಂದೆ ಹುರುಳಿಕಾಯಿ ಬಿಡಿಸುತ್ತಿದ್ದಾಗ ನಾನೂ ಒಂದು ಸಾಲಿಗೆ ಕೈ ಹಾಕಿದೆ. ಬಿಡಿಸುತ್ತಲೇ ಹೇಳಿದೆ. ಬೇಲಿಯ ಮಾತಿನಿಂದಲೇ ಶುರುಮಾಡಿದೆ. ಬೇಲಿ ಹೊಲ ಮೇಯುತ್ತಿರುವಾಗ ಬೇಲಿಗೆ ಗೊಬ್ಬರ ಹಾಕಿದ ಹಾಗಾಯಿತಮ್ಮ ಅಂದೆ. ಬೇಕೆಂದು ಮಾಡಿದ್ದಲ್ಲ, ನಾನು ಸರಿಯಾಗಿ ಕೇಳಲಿಲ್ಲ, ನಿಮಗೆ ಹೇಗೆ ಗೊತ್ತಾಗಬೇಕು ಅಂದೆ. ಅವರು ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತರು.

“ನಾನಾ?” ಅಂದರು.

ನಾನು ಬುಟ್ಟಿಯನ್ನು ಅವರ ಹತ್ತಿರ ಸರಿಸಿದೆ.

ಕೈಯಲ್ಲಿದ್ದ ಕಾಯಿಯನ್ನು ಅದಕ್ಕೆ ಹಾಕಿ ಅವರು ಕೇಳಿದರು. “ಇದ್ನ ನಿಮ್ ಬೆಂಗ್ಳೂರ್ ಕಂಪ್ಯೂಟ್ರು ಕಂಡುಹಿಡೀತಾ?”

“ಹೂಂ. ಅದೂ ಹಿಡೀತು.”

“ಹಂಗಾದ್ರೆ ಅದನ್ನೇ ಕೇಳಿ ಹೇಳಿ. ಏನ್ ಕೊಟ್ರೆ ಆ ಮಗೀಗೆ ಒಳ್ಳೇದು?”

ಇಷ್ಟು ಜೀನು, ಇಷ್ಟು ಯಂತ್ರ, ಇಷ್ಟು ಜನ ಪಂಡಿತರು. ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. “ಡಾಕ್ಟರು ಕೊಟ್ಟ ಮಾತ್ರೆ, ಮನೆ ಊಟ. ಅದು ಬಿಟ್ಟು ಏನೂ ಕೊಡಬೇಡಿ,” ಅಂದೆ.

“ಏನೂ ಕೊಡ್ದಂಗೆ ಹೆಂಗಮ್ಮ ಇರಾದು?” ಅಂದರು ಅವರು. ಅದು ಜಗಳದ ಮಾತಾಗಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಅಂದು ನನಗೆ ಕಾಫಿ ಸಿಗಲಿಲ್ಲ. ಸಂಜೆ ಮುನಿರಾಜು ಫೋನು ಮಾಡಿ, “ಅವ್ವ ಬಳ್ಳೀನೆಲ್ಲ ಬುಡ ಸಮೇತ ಕಿತ್ತು ತಿಪ್ಪೆಗೆ ಎಸೆದ್ಬುಟ್ಳು. ಊಟಾನೂ ಮಾಡ್ಲಿಲ್ಲ. ಏನ್ ಹೇಳಿದ್ರಿ ಮೇಡಂ?” ಎಂದು ಕೇಳಿದ. ನಾಗವೇಣಿ ಅವನಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅದು ನಮ್ಮ ಮೂವರು ಹೆಂಗಸರ ನಡುವೆ ಇರಲಿ ಅನ್ನಿಸಿತು. ಅಪ್ಪ ಮಾತ್ರ ವಿಷಯ ಕೇಳಿ, “ಅತಿಯಾದ್ರೆ ಅಮೃತವೂ ವಿಷ,” ಎಂದು ಗಾದೆ ಎಸೆದರು. ನನಗೆ ರೇಗಿತು. ಆ ತಾಯಿ ಕೊಟ್ಟದ್ದು ಅತಿಯೇನಲ್ಲ, ಒಂದೊಂದು ಲೋಟ, ಅದೂ ಬೆಲ್ಲ ಹಾಕಿ ಅಂದೆ. ಗಾದೆ ಹೇಳಿದವರು ಪೇಪರು ಎತ್ತಿಕೊಂಡರು.

ಆಮೇಲೆ ಕೆಲವು ತಿಂಗಳು ಮುನಿವೆಂಕಟಮ್ಮ ನನ್ನ ಜೊತೆ ಮಾತು ಕಮ್ಮಿ ಮಾಡಿದರು. ನಾನು ಬಂದರೆ ಹಸು ಹೊಡೆದುಕೊಂಡು ಹೊಲಕ್ಕೆ ಹೋಗುವರು. ನನಗೆ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೆ ಅವರು ಸುಮ್ಮನೆ ಕೂತಿರಲಿಲ್ಲ ಎಂದು ನಾಗವೇಣಿಯಿಂದ ತಿಳಿಯುತ್ತಿತ್ತು. ಬಿಸಿಲು ಲೂಪಸ್ಸಿಗೆ ಆಗದು ಎಂದು ನಾನು ಹಿಂದೆ ಹೇಳಿದ್ದು ಈಗ ಅವರ ತಲೆಗೆ ಹೋಗಿತ್ತು. ಬಟ್ಟೆ ಒಣಗಿಸುವುದು, ರಾಗಿ ಹರಡುವುದು, ನೀರು ತರುವುದು, ಬಿಸಿಲಿನ ಕೆಲಸ ಒಂದನ್ನೂ ಸೊಸೆಗೆ ಬಿಡುತ್ತಿರಲಿಲ್ಲ. ಹೂವಿನ ಶೆಡ್ಡಿನ ಮೇಸ್ತ್ರಿಯ ಹತ್ತಿರ ಜಗಳ ಮಾಡಿ ಅವಳ ಜಾಗವನ್ನು ಕಿಟಕಿಯಿಂದ ಒಳಗಿನ ಮೂಲೆಗೆ ಬದಲಿಸಿದ್ದರು. “ಈಗ ನಾನು ಅಂಗ್ಳ ದಾಟಿದ್ರೂ ಬೈತಾರೆ ಮೇಡಂ. ಕಷಾಯಾನೇ ವಾಸಿಯಿತ್ತು,” ಎಂದು ನಾಗವೇಣಿ ನಗುತ್ತಿದ್ದಳು. ನಾನೂ ಈಗ ಮೆಸೇಜು ಕಳಿಸುತ್ತಿರಲಿಲ್ಲ. ನನಗೆ ತೋಚಿದ ದಿನ ಹೋಗುತ್ತಿದ್ದೆ. ಉಳಿದ ಮನೆಗಳಲ್ಲೂ ಪ್ರಶ್ನೆ ಬದಲಾಯಿಸಿ, ‘ನಾನು ಬರುವ ಮುಂಚೆ ವಿಶೇಷವಾಗಿ ಏನು ಕೊಡುತ್ತೀರಿ?’ ಎಂದು ಕೇಳತೊಡಗಿದೆ. ಏನೇನೆಲ್ಲ ಹೊರಬಂತು ಎಂದು ಹೇಳಿದರೆ ಅದೇ ಒಂದು ಪುರಾಣವಾದೀತು. ನಮ್ಮ ದೊಡ್ಡ ಮೇಡಂ ಆ ಒಂದು ಪ್ರಶ್ನೆಗಾಗಿ ಕಂಪ್ಯೂಟರಿನಲ್ಲಿ ಹೊಸ ಕಾಲಮ್ಮು ತೆರೆಸಿದರು.

ಅವರೆಕಾಯಿಯ ಕಾಲ ಬಂತು. ಬಸ್ಸಿನ ತುಂಬ ಸೊಗಡು. ಬೆಳಿಗ್ಗೆ ಬಾಗಲೂರಿನಾಚೆ ಮಂಜು ಇಳಿದು ಗುಲಾಬಿಯ ಪ್ಲಾಸ್ಟಿಕ್ ಮನೆಗಳು ಕಾಣದಾಗುತ್ತಿದ್ದವು. ರಕ್ತ ತಣ್ಣಗಿತ್ತು. ಸಂಕ್ರಾಂತಿಗೆ ತಣ್ಣಗಿತ್ತು. ಮಾವು ಹೂ ಬಿಟ್ಟಾಗ ತಣ್ಣಗಿತ್ತು. ಪ್ರತಿ ಸಲ ಫಲಿತಾಂಶ ಬರುವ ದಿನ ಪರೀಕ್ಷೆ ಬರೆದವಳ ಹಾಗೆ ಬೆಳಿಗ್ಗೆಯಿಂದಲೇ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಿದ್ದೆ. ಪರದೆಯ ಮೇಲೆ ಆ ಕೂಗುಮಾರಿ ಬಳಗ ಗೊರಕೆ ಹೊಡೆಯುತ್ತಿರುವುದು ಕಂಡರೆ ಅಷ್ಟು ದೂರದಿಂದ ನಾನು ನಾಗವೇಣಿಗೆ ಫೋನು ಮಾಡಿ, “ಮಲಗಿದೆ,” ಅನ್ನುತ್ತಿದ್ದೆ. ಅವಳು “ಮಲ್ಗಿರ್ಲಿ, ಎಬ್ಬಿಸ್ಬೇಡಿ,” ಅಂದು ಇಟ್ಟುಬಿಡುತ್ತಿದ್ದಳು. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ. ಬೆಂಗಳೂರಿಗೆ ವಾಪಸ್ಸು ಕರೆಸಿಕೊಳ್ಳಿ ಎಂದು ದೊಡ್ಡ ಮೇಡಂಗೆ ಬರೆಯುವುದನ್ನು ಯಾವಾಗ ನಿಲ್ಲಿಸಿದೆ ಅನ್ನುವುದೂ ನೆನಪಿಲ್ಲ.

ಮಾವಿನಕಾಯಿ ಬಲಿಯುವ ಹೊತ್ತಿಗೆ ಡಾಕ್ಟರಮ್ಮ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದಾಗಿ ನೋಡಿ, ಕೆಲವು ಮಾತ್ರೆ ಹಾಗೇ ಮುಂದುವರಿಸಬೇಕು, ತಿಂಗಳು ತಿಂಗಳು ಬರಬೇಕು ಎಂದು ಕಟ್ಟುನಿಟ್ಟಾಗಿ ಹೇಳಿ, ಕೊನೆಗೆ ತಮಿಳು ಬಿಟ್ಟು ತಮಗೆ ಬರುವಷ್ಟು ಕನ್ನಡದಲ್ಲಿ, “ಇನ್ನು ನಿಮ್ಮಿಷ್ಟ ಅಮ್ಮ,” ಅಂದರು. ನಾಗವೇಣಿ ಕುರ್ಚಿಯಿಂದ ಏಳಲೇ ಇಲ್ಲ. ಮತ್ತೊಮ್ಮೆ ಹೇಳಿಸಿಕೊಂಡಳು. ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನನ್ನ ಕೈ ಹಿಡಿದು, “ಅತ್ತೇಗೆ ನೀವೇ ಹೇಳ್ಬೇಕು. ಅವತ್ತಿಂದು ನೀವೇ ಹೇಳಿದ್ರಲ್ಲ, ಇದನ್ನೂ ನೀವೇ ಹೇಳಿ,” ಅಂದಳು.

ಮುನಿವೆಂಕಟಮ್ಮ ಹಿತ್ತಿಲಿನಲ್ಲಿ ಹಸುವಿಗೆ ಕಲಗಚ್ಚು ಕಲಸುತ್ತಿದ್ದರು. ನಾನು ಬಂದದ್ದು ನೋಡಿಯೂ ತಲೆ ಎತ್ತಲಿಲ್ಲ. ಇನ್ನು ಮಗು ಆಗಬಹುದು ಅಂತ ಡಾಕ್ಟರು ಅಂದರು ಎಂದೆ. ಕೈ ನಿಂತಿತು. ಮೊಳಕೈವರೆಗೆ ಕಲಗಚ್ಚು ಮೆತ್ತಿದ್ದ ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು ನನ್ನ ಮುಖ ನೋಡಿದರು. ಸಂತೋಷ ಪಡುತ್ತಾರೆ, ದೇವರಿಗೆ ಕೈ ಮುಗಿಯುತ್ತಾರೆ ಎಂದೆಲ್ಲ ನಾನು ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

“ಅಂದ್ರೆ ನಾನೇನೂ ಕೆಡ್ಸಿಲ್ಲ ತಾನೆ ತಾಯಿ?”

ಇಷ್ಟು ತಿಂಗಳೂ ಅವರು ಹೊತ್ತುಕೊಂಡು ತಿರುಗಿದ್ದು ಇದನ್ನು. ವಿಜ್ಞಾನಿಯಾದ ನನ್ನ ಹತ್ತಿರ ಉದ್ದನೆಯ ಪ್ರಾಮಾಣಿಕ ಉತ್ತರವೊಂದಿತ್ತು. ಒಬ್ಬರ ರಕ್ತದಿಂದ ಏನೂ ಸಿದ್ಧವಾಗುವುದಿಲ್ಲ, ಬಿಸಿಲು ಕಮ್ಮಿಯಾಗಿದ್ದೂ ಕಾರಣವಿರಬಹುದು, ಕಾಲ ಸ್ವಲ್ಪ ಹೋಯಿತು ಅನ್ನುವುದಂತೂ ನಿಜ. ಅದ್ಯಾವುದನ್ನೂ ನಾನು ಹೇಳಲಿಲ್ಲ.

“ಇಲ್ಲಮ್ಮ,” ಅಂದೆ. “ನೀವೇನೂ ಕೆಡಿಸಿಲ್ಲ.”

ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಬೂಸಾ ಮೆತ್ತಿಕೊಂಡರು. “ಯಾಕ್ಲಾ ಹಂಗೆ ನಿಂತಿದ್ದೀಯ, ಮೇಡಂಗೆ ಕುರ್ಚಿ ಹಾಕು,” ಎಂದು ಬಾಗಿಲಲ್ಲಿ ನಿಂತಿದ್ದ ಮಗನಿಗೆ ಗದರಿದರು. ಅಂದು ಊಟ ಮಾಡದೆ ಏಳಲು ಬಿಡಲಿಲ್ಲ. ಮಳೆಗಾಲದ ಹೊತ್ತಿಗೆ ಅಧ್ಯಯನದ ಆ ಭಾಗ ಮುಗಿದು ನಾನು ಬೆಂಗಳೂರಿಗೆ ಹೊರಟುಬಂದೆ.

ಹೋದ ತಿಂಗಳು ಬಸ್ಸಿನಿಂದ ಇಳಿದು ನಡೆದುಹೋದಾಗ ಆ ಮನೆಯ ಹಿತ್ತಿಲಿನಲ್ಲಿ ಹಂಡೆ ಕುದಿಯುತ್ತಿತ್ತು. ಮುನಿವೆಂಕಟಮ್ಮ ಮಣೆಯ ಮೇಲೆ ಎರಡೂ ಕಾಲು ನೀಳವಾಗಿ ಚಾಚಿ ಕೂತು, ಕಾಲುಗಳ ಮೇಲೆ ಒಂದು ಹೆಣ್ಣು ಕೂಸನ್ನು ಮಲಗಿಸಿಕೊಂಡಿದ್ದರು. ಕೂಸು ಮುಷ್ಟಿ ಬಿಗಿದು ಊರಿಗೇ ಕೇಳುವಂತೆ ಅಳುತ್ತಿತ್ತು. ನಾಗವೇಣಿ ಬಾಗಿಲ ನೆರಳಿನಲ್ಲಿ ಟವೆಲ್ಲು ಹಿಡಿದು ನಿಂತಿದ್ದಳು. ಮುಖ ತುಂಬಿಕೊಂಡಿತ್ತು. ನನ್ನನ್ನು ನೋಡಿ ಮುನಿವೆಂಕಟಮ್ಮ ಎಣ್ಣೆ ತುಂಬಿದ ಅಂಗೈಯನ್ನು ಕೂಸಿನ ಎದೆಯ ಮೇಲೆ ತಡೆದು ನಿಲ್ಲಿಸಿದರು. ಮುಖ ಗಂಭೀರವಾಗಿತ್ತು.

“ಮೇಡಂ, ಕೊಬ್ರಿ ಎಣ್ಣೆ. ಹಚ್ಬೋದಾ? ಇಲ್ಲಾ ಇದನ್ನೂ ಬೆಂಗ್ಳೂರ್ಗೆ ಕಳ್ಸಿ ಕೇಳ್ಬೇಕಾ?”

ನಾಗವೇಣಿ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹಚ್ಚಿ ಅಂದೆ. ಅವರು ಇನ್ನೂ ನನ್ನನ್ನೇ ನೋಡುತ್ತಿದ್ದರು.

“ಎಷ್ಟು ಬೇಕಾದರೂ ಹಚ್ಚಿ,” ಅಂದೆ.